ಬ್ಯಾಟರಿ ಏಕೆ ಇಳಿಯಿತು?



ಹತ್ತನೆಯ ಇಯತ್ತೆಯಲ್ಲಿ ವಿದ್ಯುತ್ತಿನ ಪಾಠ ಬಂದಾಗ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: “ಸರ, ಇದು ಪರೀಕ್ಷೆಗೆ ಬರತೈತೇನ್ರಿ?” ಬರುತ್ತದೆ. ಆದರೆ ಈ ಲೇಖನ ಪರೀಕ್ಷೆಯ ಸಲುವಾಗಿ ಬರೆದುದಲ್ಲ. 2022ರ ಮಳೆಗಾಲದಲ್ಲಿ ನಮ್ಮ ಒಬ್ಬ ವಿದ್ಯಾರ್ಥಿನಿಯ ಮನೆಯ ವ್ಯಾನು ನಮಗೆ ಕಲಿಸಿದ ಪಾಠವನ್ನು ಇಲ್ಲಿ ಬರೆದಿದ್ದೇನೆ. ಪಾಲಕರೂ ಓದಬಹುದು, ಗಾಡಿ ಇದ್ದವರಂತೂ ಓದಲೇಬೇಕು.

ಆ ವಿದ್ಯಾರ್ಥಿನಿಯ ತಂದೆ ಕಾಗಲದಿಂದ ಇಚಲಕರಂಜಿಗೆ ದಿನಾಲು ಹೋಗಿ ಬರುವವರು. ಅಲ್ಲಿಯ ವಿದ್ಯುತ್ ಮಗ್ಗಗಳಿಗೆ ನೂಲಿನ ಚೀಲ ಒಯ್ಯುವುದು, ಬರುವಾಗ ಬಟ್ಟೆಯ ಗಂಟು ತರುವುದು, ಇದೇ ಅವರ ಉದ್ಯೋಗ. ಗಾಡಿ 1997ರಲ್ಲಿ ತಯಾರಾದ ಮಾರುತಿ ಓಮ್ನಿ. ಈ ವ್ಯಾನು 1984ರಲ್ಲಿ ನಮ್ಮ ದೇಶದ ರಸ್ತೆಗೆ ಬಂದಿತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಕೊಲ್ಹಾಪುರ, ನಿಪ್ಪಾಣಿ, ಗಡಹಿಂಗ್ಲಜ ಭಾಗದ ಸಂತೆಗಳಲ್ಲಿ ಇಂದಿಗೂ ಅದು ಕಾಣಸಿಗುತ್ತದೆ. ಅದರ ಇಂಜಿನ್ ಮುಂದಿನ ಆಸನದ ಕೆಳಗಿದೆ. ಈ ಸಂಗತಿಯನ್ನು ನೆನಪಿನಲ್ಲಿಡಿರಿ, ಮುಂದೆ ಇದರಿಂದಲೇ ನಾವು ಮೋಸಹೋದೆವು.

ಗಾಡಿಯ ಬೇನೆ ಇಷ್ಟು. ವಾರವೆಲ್ಲ ಬೆಳಿಗ್ಗೆ ನರಳುತ್ತ ನರಳುತ್ತ ಹೇಗೋ ಸುರುವಾಗುತ್ತಿತ್ತು. ವಾರದ ರಜೆ ಕಳೆದ ಮರುದಿನ ಮಾತ್ರ ಕೀಲಿ ತಿರುವಿದರೆ ‘ಟಿಕ್’ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಆಗ ಓಣಿಯ ನಾಲ್ಕು ಜನ ಧಕ್ಕಾ ಕೊಡಬೇಕು. ಅಂಗಡಿಯವರು “ಬ್ಯಾಟರಿ ಹೋಗಿದೆ” ಎಂದರು, ಹೊಸದು ಹಾಕಿದ್ದಾಯಿತು. ಮೂರು ತಿಂಗಳಿಗೆ ಮತ್ತೆ ಅದೇ ಹಾಡು. “ಇದೂ ಹೋಗಿದೆ, ಇನ್ನೊಂದು ಹಾಕಿರಿ” ಎಂದು ಅದೇ ಅಂಗಡಿಯಲ್ಲಿ ಹೇಳಿದಾಗ ಮಗಳ ಪುಸ್ತಕ ಮತ್ತು ಶಿಕವಣಿಗಾಗಿ ಎತ್ತಿಟ್ಟಿದ್ದ ಹಣಕ್ಕೆ ಕೈ ಹಾಕುವ ಪ್ರಸಂಗ ಬಂದಿತು. ಆ ಹುಡುಗಿ ಮರುದಿನ ನನ್ನ ಬಳಿ ಬಂದು, “ಸರ, ಎರಡೂ ಬ್ಯಾಟ್ರಿ ಹೆಂಗ ಕೆಡತಾವ್ರಿ? ಬ್ಯಾಟ್ರಿ ಕೆಟ್ಟಿಲ್ಲ, ಯಾವುದೋ ಕುಡೀಲಿಕ್ಕತ್ತೈತಿ” ಎಂದಳು. ರೋಗದ ಅರ್ಧ ಲಕ್ಷಣ ಆಕೆಯ ಈ ಒಂದು ಮಾತಿನಲ್ಲೇ ಇತ್ತು.

ಬ್ಯಾಟರಿಯೆಂದರೆ ಏನು ಎಂಬುದನ್ನು ಮೊದಲು ನೋಡೋಣ. 1800ರಲ್ಲಿ ಇಟಲಿಯ ವೋಲ್ಟಾ ಮೊದಲ ವಿದ್ಯುತ್ ಕೋಶಮಾಲೆಯ ವಿಷಯವನ್ನು ಜಗತ್ತಿಗೆ ತಿಳಿಸಿದನು. ಅದು ಒಮ್ಮೆ ತೀರಿದರೆ ತೀರಿತು. ಮತ್ತೆ ಮತ್ತೆ ತುಂಬಿಸಬಹುದಾದ ಸೀಸದ ಕೋಶವನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋ ಪ್ಲಾಂತೆ ಮಾಡಿದನು. ಇಂದಿಗೂ ನಮ್ಮ ಗಾಡಿಗಳಲ್ಲಿರುವುದು ಮೂಲತಃ ಅದೇ. ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡಿನದು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ತು ಹೊರಗೆ ಹರಿದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ತೆಳ್ಳಗಾಗುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಒಳಗೆ ನೂಕಿದರೆ ಈ ಕ್ರಿಯೆ ಹಿಂದಕ್ಕೆ ತಿರುಗುತ್ತದೆ. ಆದರೆ ಬ್ಯಾಟರಿಯನ್ನು ಪೂರ್ತಿ ಇಳಿಸಿ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳಾಗಿ ನಿಂತುಬಿಡುತ್ತದೆ. ಆಮೇಲೆ ಎಷ್ಟು ತುಂಬಿಸಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಅಂದರೆ ಸೋರಿಕೆಯಿರುವ ಗಾಡಿಯು ಒಳ್ಳೆಯ ಬ್ಯಾಟರಿಯನ್ನೂ ಕೆಲವು ತಿಂಗಳಲ್ಲಿ ನಿಜವಾಗಿಯೇ ಕೆಡಿಸುತ್ತದೆ. “ಬ್ಯಾಟರಿ ಹೋಗಿದೆ” ಎಂದ ಅಂಗಡಿಯವರ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಏಕೆ ಹೋಯಿತು ಎಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ, ಅಷ್ಟೇ.

ಒಂದು ಕೋಶದ ವಿಭವಾಂತರ ಸುಮಾರು 2.1 ವೋಲ್ಟು. ಗಾಡಿಯ ಬ್ಯಾಟರಿಯಲ್ಲಿ ಇಂಥ 6 ಕೋಶಗಳು ಸಾಲಾಗಿ ಇರುವುದರಿಂದ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟು ತೋರಿಸುತ್ತದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಪಾಲು ಉಳಿದಿದೆಯೆಂದು ಸ್ಥೂಲವಾಗಿ ತಿಳಿಯಬಹುದು. ಇಲ್ಲಿ ಎಚ್ಚರಿಕೆ ಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿ ಸರಿಯಾಗಿ ಹನ್ನೆರಡನ್ನೇ ತೋರಿಸಿತೆಂದು ಸಂತೋಷಪಡಬೇಡಿರಿ, ಅದು ಬಹುತೇಕ ಬರಿದಾಗಿದೆ ಎಂದು ಅರ್ಥ!

ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಆಂಪಿಯರ್-ಗಂಟೆಯಲ್ಲಿ ಹೇಳುತ್ತಾರೆ. ಈ ವ್ಯಾನಿನದು 35 ಆಂಪಿಯರ್-ಗಂಟೆ. ಒಂದು ಆಂಪಿಯರನ್ನು 35 ಗಂಟೆ, ಇಲ್ಲವೆ ಅರ್ಧ ಆಂಪಿಯರನ್ನು 70 ಗಂಟೆ ಕೊಡಬಲ್ಲುದು ಎಂದು ಲೆಕ್ಕ. ನಿಮ್ಮ ಹಿತ್ತಲಿನ ನೀರಿನ ಹೌದಿಗೆ ಇದನ್ನು ಹೋಲಿಸಿರಿ. ನಲ್ಲಿಯಿಂದ ಹನಿ ಹನಿ ಸೋರಿದರೂ ಎರಡು ದಿನ ಊರಿಗೆ ಹೋಗಿ ಬರುವುದರೊಳಗೆ ಹೌದು ತಳ ಕಾಣುತ್ತದೆ. ದಿನಾಲು ತುಂಬಿಸುವವರಿಗೆ ಮಾತ್ರ ಆ ಸೋರಿಕೆ ಗೊತ್ತೇ ಆಗುವುದಿಲ್ಲ. ವಾರವೆಲ್ಲ ನಡೆದ ಗಾಡಿ ರಜೆಯ ಮರುದಿನವೇ ಏಕೆ ಮುನಿಯುತ್ತಿತ್ತು ಎಂಬುದು ಈಗ ಹೊಳೆದಿರಬೇಕು.

ಆದರೆ ಊಹೆಯನ್ನು ವಿಜ್ಞಾನ ಒಪ್ಪುವುದಿಲ್ಲ. ಆದ್ದರಿಂದ ಮೊದಲು ಎರಡು ರಾತ್ರಿಯ ತುಲನಾ ಪ್ರಯೋಗ ಮಾಡಿದೆವು. ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರನ್ನು ಹುಡುಗಿಯ ಕೈಗೆ ಕೊಟ್ಟೆ. ಮೊದಲ ರಾತ್ರಿ ಎಂದಿನಂತೆ ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಅಳೆದಾಗ 12.6, ಬೆಳಿಗ್ಗೆ 12.3. ಮರುರಾತ್ರಿ ಬ್ಯಾಟರಿಯ ಋಣಾಗ್ರದ ತಂತಿಯನ್ನು ಬಿಚ್ಚಿ ಬದಿಗಿಟ್ಟು ಮಲಗಿದರು. ಸಂಜೆ 12.6, ಬೆಳಿಗ್ಗೆಯೂ 12.6! ಬ್ಯಾಟರಿ ತನ್ನೊಳಗೇ ಇಳಿಯುವುದಾಗಿದ್ದರೆ ಎರಡನೆಯ ರಾತ್ರಿಯೂ ಇಳಿಯಬೇಕಿತ್ತು. ಇಳಿಯಲಿಲ್ಲ. ಕಳ್ಳ ಬ್ಯಾಟರಿಯಲ್ಲಿ ಇಲ್ಲ, ಗಾಡಿಯಲ್ಲಿದ್ದಾನೆ. ಈ ಪ್ರಯೋಗಕ್ಕೆ ಒಂದು ಪಾನಾ ಸಾಕು, ಖರ್ಚು ಏನೂ ಇಲ್ಲ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಪ್ರತಿಯೊಬ್ಬರೂ ಇದನ್ನು ಮಾಡಿ ನೋಡಬೇಕೆಂದು ನನ್ನ ಅಭಿಪ್ರಾಯ.

ಇನ್ನೊಂದು ಸಾಧ್ಯತೆಯೂ ಉಂಟು. ಗಾಡಿ ಓಡುವಾಗ ಬ್ಯಾಟರಿ ತುಂಬದೇ ಇರಬಹುದು. ಇಂಜಿನ್ ಸುರುವಾದ ಮೇಲೆ ಬ್ಯಾಟರಿಯನ್ನು ತುಂಬುವ ಕೆಲಸ ಆಲ್ಟರ್ನೇಟರಿನದು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಅಗ್ರಗಳ ನಡುವೆ 13.8ರಿಂದ 14.4 ವೋಲ್ಟು ಬರಬೇಕು. ಇಲ್ಲಿ 14.1 ಬಂದಿತು. ಹುಡುಗಿ ತನ್ನ ವಹಿಯಲ್ಲಿ “ಆಲ್ಟರ್ನೇಟರ್ ನಿರ್ದೋಷಿ” ಎಂದು ಬರೆದುಕೊಂಡಳು. ನಾನೂ ಕೆಂಪು ಶಾಯಿಯಿಂದ ‘ಸರಿ’ ಗುರುತು ಹಾಕಿದೆ. ಆ ಗುರುತಿನ ಕಥೆ ಮುಂದೆ ಬರುತ್ತದೆ.

ಈಗ ಸೋರಿಕೆಯನ್ನು ಅಳೆಯುವ ಕ್ರಮ. ವಿಭವಾಂತರ ಅಳೆಯುವಾಗ ಮೀಟರನ್ನು ಸಮಾಂತರವಾಗಿ ಜೋಡಿಸುತ್ತೇವೆ, ಪ್ರವಾಹ ಅಳೆಯುವಾಗ ಸರಣಿಯಲ್ಲಿ. ಪಾಠದಲ್ಲಿ ಬಾಯಿಪಾಠ ಮಾಡಿದ ಈ ವಾಕ್ಯದ ಬೆಲೆ ಇಲ್ಲಿ ತಿಳಿಯುತ್ತದೆ. ಕೀಲಿ ತೆಗೆದು, ಎಲ್ಲ ದೀಪ ಆರಿಸಿ, ಬ್ಯಾಟರಿಯ ಋಣಾಗ್ರದ ತಂತಿಯನ್ನು ಬಿಚ್ಚಬೇಕು. ಬಿಚ್ಚಿದ ತಂತಿಗೂ ಋಣಾಗ್ರಕ್ಕೂ ನಡುವೆ ಮೀಟರು ಸೇತುವೆಯಾಗಬೇಕು. ಗಾಡಿಯಲ್ಲಿ ಎಲ್ಲಿಗೆ ಎಷ್ಟೇ ಪ್ರವಾಹ ಹೋದರೂ ಈ ಸೇತುವೆಯನ್ನು ದಾಟಿಯೇ ಬರಬೇಕು, ನಮ್ಮ ಹೆದ್ದಾರಿಯಲ್ಲಿ ನಿಪ್ಪಾಣಿಗೆ ಹೋಗುವ ಗಾಡಿ ದೂಧಗಂಗೆಯ ಸೇತುವೆ ದಾಟುವ ಹಾಗೆ.

ಮೀಟರು ಹಚ್ಚುವ ಮೊದಲು ಅದರ ಜಾಗದಲ್ಲಿ 5 ವ್ಯಾಟಿನ ಒಂದು ಬಲ್ಬು ಹಚ್ಚಿ ನೋಡುವುದು ಜಾಣತನ. ಎಲ್ಲಿಯಾದರೂ ನೇರ ಷಾರ್ಟು ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಮೀಟರು ಉಳಿಯುತ್ತದೆ. ನಮ್ಮ ಬಲ್ಬು ಮಂದವಾಗಿ ಉರಿಯಿತು. ಕೀಲಿ ಹುಡುಗಿಯ ಕಿಸೆಯಲ್ಲಿದೆ, ದೀಪಗಳೆಲ್ಲ ಆರಿವೆ, ಆದರೂ ಬಲ್ಬು ಉರಿಯುತ್ತಿದೆ. ಅದನ್ನು ನೋಡಿದ ಆಕೆಯ ತಂದೆ, “ಮೂರು ತಿಂಗಳಿಂದ ಇದು ರಾತ್ರಿಯೆಲ್ಲಾ ಹಿಂಗ ಉರೀತಿತ್ತೇನ್ರಿ?” ಎಂದು ಕೇಳಿದರು. ಹೌದು, ಕಾಣದ ಹಾಗೆ ಉರಿಯುತ್ತಿತ್ತು.

ಬಳಿಕ ಮೀಟರನ್ನು 10 ಆಂಪಿಯರಿನ ತೂತಿಗೆ ಹಚ್ಚಿ ಜೋಡಿಸಿದೆವು. ಒಂದು ಮಾತು ಗಟ್ಟಿಯಾಗಿ ನೆನಪಿಡಿರಿ: ಮೀಟರು ಸರಣಿಯಲ್ಲಿರುವಾಗ ಯಾರೂ ಕೀಲಿ ತಿರುವಿ ಗಾಡಿ ಸುರು ಮಾಡಲು ಹೋಗಬಾರದು. ಸ್ಟಾರ್ಟರ್ ಮೋಟಾರು ನೂರರ ಆಸುಪಾಸು ಆಂಪಿಯರ್ ಎಳೆಯುತ್ತದೆ. ಹತ್ತು ಆಂಪಿಯರಿನ ಮೀಟರು ಅದನ್ನು ತಾಳಲಾರದು. ನಮ್ಮ ಪ್ರಯೋಗಾಲಯದ ಒಂದು ಮೀಟರಿನ ಒಳಗಿನ ಫ್ಯೂಜು ಹಿಂದೊಮ್ಮೆ ಹೀಗೆಯೇ ಹೋಗಿತ್ತು. ಯಾರಿಂದ ಎಂದು ಇಲ್ಲಿ ಬರೆಯುವುದಿಲ್ಲ, ಅವರು ಈಗ ದೊಡ್ಡವರಾಗಿದ್ದಾರೆ.

ಮೀಟರು 1.22 ಆಂಪಿಯರ್ ತೋರಿಸಿತು.

ಹುಡುಗಿ ಸುತ್ತ ನೋಡಿ ಥಟ್ಟನೆ ಬೆರಳು ಮಾಡಿದಳು. ಛತ್ತಿನ ಒಳದೀಪ ಉರಿಯುತ್ತಿತ್ತು! ಅದು 5 ವ್ಯಾಟಿನ ದೀಪ. 5ನ್ನು 12ರಿಂದ ಭಾಗಿಸಿದರೆ 0.42 ಆಂಪಿಯರ್. “ಒಬ್ಬ ಕಳ್ಳ ಸಿಕ್ಕ” ಎಂದು ಎಲ್ಲರಿಗೂ ಹಿಗ್ಗು. ಆ ದೀಪದ ಬಲ್ಬು ಕಿತ್ತು, ತಂತಿ ಮತ್ತೆ ಬಿಗಿದು, ಉಳಿದುದನ್ನು ನಾಳೆ ನೋಡಿದರಾಯಿತೆಂದು ಚಹಾ ಕುಡಿದು ಎದ್ದೆವು. ಮನೆಗೆ ಹೋಗುವ ದಾರಿಯಲ್ಲಿ ನನಗೆ ಹೊಳೆಯಿತು: ಗಾಡಿಯ ಬಾಗಿಲು ತೆರೆದಿತ್ತಲ್ಲ! ಇಂಜಿನ್ ಆಸನದ ಕೆಳಗಿರುವುದರಿಂದ ಈ ಗಾಡಿಯ ಕೆಲಸವನ್ನು ಬಾಗಿಲು ತೆರೆದೇ ಮಾಡಬೇಕು. ಬಾಗಿಲು ತೆರೆದರೆ ಒಳದೀಪ ಹತ್ತುವುದೇ ಧರ್ಮ. ರಾತ್ರಿ ಬಾಗಿಲು ಮುಚ್ಚಿರುವಾಗ ಅದು ಆರಿಯೇ ಇರುತ್ತಿತ್ತು. ಕಳ್ಳನನ್ನು ಹಿಡಿಯಲು ಹೋದವರೇ ಬಾಗಿಲು ತೆರೆದಿಟ್ಟು ಕಳುವು ಮಾಡಿದ್ದೆವು. ಅಳೆಯುವವನು ಅಳೆಯುವ ವಸ್ತುವಿನ ಸ್ಥಿತಿಯನ್ನೇ ಬದಲಿಸುವ ಈ ದೋಷ ಪ್ರಯೋಗಾಲಯದಲ್ಲಿಯೂ ಬಹಳ ಸಲ ಆಗುತ್ತದೆ.

ಮರುದಿನ ಬಲ್ಬನ್ನು ಮರಳಿ ಹಾಕಿ, ಬಾಗಿಲ ಚೌಕಟ್ಟಿನ ಗುಂಡಿಯನ್ನು ಬಟ್ಟೆ ಒಣಹಾಕುವ ಚಿಮಟಿಗೆಯಿಂದ ಒತ್ತಿ ಹಿಡಿದೆವು. ಒಳದೀಪ ಆರಿತು. ಮೀಟರು 0.80ಕ್ಕೆ ಇಳಿದು ಅಲ್ಲಿಯೇ ನಿಂತಿತು. ಇದೇ ನಿಜವಾದ ಸೋರಿಕೆ. ಹುಡುಗಿ ನೆಲದ ಮೇಲೆಯೇ ಖಡುವಿನಿಂದ ಲೆಕ್ಕ ಬರೆದಳು. ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ 11 ಗಂಟೆ, 0.80ರಿಂದ ಗುಣಿಸಿದರೆ 8.8 ಆಂಪಿಯರ್-ಗಂಟೆ, ಅಂದರೆ 35ರಲ್ಲಿ ಕಾಲು ಪಾಲು. ಬೆಳಿಗ್ಗೆ ನರಳುವುದಕ್ಕೆ ಅಷ್ಟು ಸಾಕು. ರಜೆಯ ದಿನ ಸೇರಿದರೆ 36 ಗಂಟೆ, 28.8 ಆಂಪಿಯರ್-ಗಂಟೆ. ನೂರಕ್ಕೆ 82 ಪಾಲು ಖಾಲಿ. ಧಕ್ಕಾ ಕೊಡದೆ ಗತಿಯಿಲ್ಲ. ಓಣಿಯವರು ಮೂರು ತಿಂಗಳು ಕಂಡದ್ದಕ್ಕೂ ಈ ಲೆಕ್ಕಕ್ಕೂ ಒಂದಿಷ್ಟೂ ಅಂತರವಿಲ್ಲ.

ಇಂಥ ಹಳೆಯ ಗಾಡಿ ನಿಂತಾಗ ಎಷ್ಟು ಎಳೆಯಬೇಕು? ರೇಡಿಯೋದ ನೆನಪಿಗೆ ಒಂದಿಷ್ಟು, ಅಷ್ಟೇ. ಅದು ಆಂಪಿಯರಿನ ನೂರನೆಯ ಒಂದು ಭಾಗದಷ್ಟು. ಈಗಿನ ಹೊಸ ಗಾಡಿಗಳಲ್ಲಿ ಗಣಕಯಂತ್ರಗಳು ಇರುವುದರಿಂದ ಸುಮಾರು 0.05 ಆಂಪಿಯರಿನವರೆಗೆ ಇದ್ದರೂ ದೋಷವೆನ್ನುವುದಿಲ್ಲ. ಅವು ಗಾಡಿ ನಿಂತ ಮೇಲೂ ಕೆಲ ಹೊತ್ತು ಎಚ್ಚರವಿದ್ದು ಆಮೇಲೆ ಮಲಗುತ್ತವೆ. ಅಂಥ ಗಾಡಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾದು ಅಳೆಯಬೇಕು. ನಮಗೆ ಆ ತೊಂದರೆ ಇರಲಿಲ್ಲ. ಹಳೆಯ ಗಾಡಿಯ ಸುಖಗಳಲ್ಲಿ ಇದೂ ಒಂದು.

ಮುಂದಿನ ಹೆಜ್ಜೆ ಫ್ಯೂಜುಗಳದು. ಗಾಡಿಯ ಬೇರೆ ಬೇರೆ ಮಂಡಲಗಳಿಗೆ ಬೇರೆ ಬೇರೆ ಫ್ಯೂಜು ಇರುತ್ತದೆ. ಒಂದೊಂದನ್ನೇ ಕಿತ್ತು ಮೀಟರು ನೋಡುವುದು, ಬದಲಾಗದಿದ್ದರೆ ಅಲ್ಲಿಯೇ ಮರಳಿ ಹಾಕಿ ಮುಂದಿನದಕ್ಕೆ ಹೋಗುವುದು. ಯಾವ ಫ್ಯೂಜು ಕಿತ್ತಾಗ ಅಂಕಿ ಬೀಳುತ್ತದೆಯೋ ಆ ಮಂಡಲದಲ್ಲಿ ಕಳ್ಳನಿದ್ದಾನೆ. ಸಾಮಾನ್ಯವಾಗಿ ಇಲ್ಲಿಯೇ ಸಿಗುತ್ತಾನೆ. ಬ್ರೇಕಿನ ಸ್ವಿಚ್ಚು ಅಂಟಿಕೊಂಡು ಹಿಂದಿನ ದೀಪ ಉರಿಯುತ್ತಿರಬಹುದು, ಮಳೆ ನೀರು ಹೊಕ್ಕು ಹಾರ್ನಿನ ರಿಲೇ ಕೆಟ್ಟಿರಬಹುದು, ಯಾರೋ ಆಮೇಲೆ ಕೂಡಿಸಿದ ಪಂಖದ ತಂತಿ ಎಲ್ಲೋ ಉಜ್ಜಿ ತಗಡಿಗೆ ತಾಗಿರಬಹುದು. ನಮ್ಮಲ್ಲಿ ಹಾಗಾಗಲಿಲ್ಲ. ರೇಡಿಯೋದ ಫ್ಯೂಜು ಕಿತ್ತಾಗ 0.80 ಹೋಗಿ 0.79 ಆಯಿತು. ಉಳಿದ ಯಾವುದಕ್ಕೂ ಮೀಟರು ಅಲುಗಲಿಲ್ಲ. ಕೊನೆಗೆ ಎಲ್ಲ ಫ್ಯೂಜುಗಳನ್ನೂ ಕಿತ್ತು ಆಕೆಯ ಅಂಗೈಯಲ್ಲಿಟ್ಟರೂ 0.79 ಇದ್ದೇ ಇತ್ತು.

ಆಗ ಹುಡುಗಿಯ ಮುಖ ಬಾಡಿತು. ನಾನು ಹೇಳಿದೆ, ಇದು ಸೋಲಲ್ಲ. ಗಾಡಿಯ ಬಹುಭಾಗವನ್ನು ನಾವು ಇದೀಗ ಸಂಶಯದಿಂದ ಬಿಡುಗಡೆ ಮಾಡಿದ್ದೇವೆ, ಇನ್ನುಳಿದದ್ದು ಈ ಫ್ಯೂಜುಗಳ ಹಿಡಿತಕ್ಕೆ ಸಿಗದ ದಪ್ಪ ತಂತಿಗಳು ಮಾತ್ರ. ಅಂಥವು ಇಲ್ಲಿ ಎರಡೇ: ಒಂದು ಸ್ಟಾರ್ಟರಿಗೆ ಹೋಗುವುದು, ಇನ್ನೊಂದು ಆಲ್ಟರ್ನೇಟರಿನಿಂದ ಬರುವುದು. ಆಕೆ ವಹಿ ತೆರೆದು, “ಆಲ್ಟರ್ನೇಟರ್ ನಿರ್ದೋಷಿ ಅಂತ ಬರದೇವಲ್ರಿ ಸರ, ನೀವ ಸರಿ ಹಾಕೀರಿ” ಎಂದಳು. ನಾನು ಉತ್ತರ ಕೊಡುವ ಮೊದಲೇ ಆಕೆಯ ತಂದೆ ಆಸನದ ಕೆಳಗೆ ಕೈಯಾಡಿಸಿದರು. ಬೆಳಗಿನ ಮಳೆ, ಇಂಜಿನ್ನೆಲ್ಲ ಕಲ್ಲಿನಂತೆ ತಣ್ಣಗಿತ್ತು. ಆಲ್ಟರ್ನೇಟರ್ ಮಾತ್ರ ಕೈಗೆ ಉಗುರುಬೆಚ್ಚಗೆ ತಾಗಿತು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒಂದು ಭಾಗ ಬೆಚ್ಚಗೆ ಇರುವುದೆಂದರೆ! 12.5 ವೋಲ್ಟನ್ನು 0.80ರಿಂದ ಗುಣಿಸಿರಿ, 10 ವ್ಯಾಟು ಆಗುತ್ತದೆ. ಆ ಹತ್ತು ವ್ಯಾಟು ಇಲ್ಲಿ ಶಾಖವಾಗಿ ಹೋಗುತ್ತಿತ್ತು.

ಕೈಯ ಸಾಕ್ಷಿಯನ್ನು ಮೀಟರಿನಿಂದ ಖಾತ್ರಿ ಮಾಡಬೇಕಲ್ಲ. ಆಲ್ಟರ್ನೇಟರಿನ ದಪ್ಪ ತಂತಿಯಲ್ಲಿ ಸದಾ ಬ್ಯಾಟರಿಯ ವಿದ್ಯುತ್ತು ಇರುತ್ತದೆ. ಪಾನಾ ತಗಡಿಗೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಆದ್ದರಿಂದ ಮೀಟರನ್ನೂ ಕಳಚಿ, ಬ್ಯಾಟರಿಯ ಸಂಬಂಧ ಪೂರ್ತಿ ತಪ್ಪಿಸಿ, ಆಮೇಲೆ ಆ ತಂತಿ ಬಿಚ್ಚಿ ತುದಿಗೆ ರಬ್ಬರಿನ ಟೇಪು ಸುತ್ತಿದೆವು. ಎಲ್ಲ ಫ್ಯೂಜು ಮರಳಿ ಹಾಕಿ ಮೀಟರು ಮತ್ತೆ ಜೋಡಿಸಿದಾಗ 0.01.

ಹಾಗಾದರೆ 14.1 ವೋಲ್ಟು ಕೊಟ್ಟ ಆಲ್ಟರ್ನೇಟರ್ ಕಳ್ಳನಾದುದು ಹೇಗೆ? ಆಲ್ಟರ್ನೇಟರಿನಲ್ಲಿ ಹುಟ್ಟುವುದು ಪರ್ಯಾಯ ಪ್ರವಾಹ. ಬ್ಯಾಟರಿಗೆ ಬೇಕಾದುದು ಏಕಮುಖ ಪ್ರವಾಹ. ಆದ್ದರಿಂದ ಒಳಗೆ ಡಯೋಡುಗಳೆಂಬ ದ್ವಾರಪಾಲಕರು ಇರುತ್ತಾರೆ. ಪ್ರವಾಹವನ್ನು ಬ್ಯಾಟರಿಯ ಕಡೆಗೆ ಬಿಡುವುದು, ಹಿಂದಕ್ಕೆ ಬರಗೊಡದಿರುವುದು ಅವರ ಕೆಲಸ. ಇಂಥ ಡಯೋಡು ಅರ್ಧ ಕೆಟ್ಟಾಗ ಹಗಲು ಬಿಡುವ ಕೆಲಸವನ್ನು ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತದೆ. ಇಂಜಿನ್ ನಿಂತ ಮೇಲೆ ಮಾತ್ರ ಬ್ಯಾಟರಿಯ ಪ್ರವಾಹ ಅದರ ಮೂಲಕ ಹಿಮ್ಮುಖವಾಗಿ ಸೋರಿ, ಒಳಗಿನ ಸುರುಳಿಗಳಲ್ಲಿ ಹರಿದು ಶಾಖವಾಗುತ್ತದೆ. ಹಗಲು ತುಂಬುವವನೂ ಅವನೇ, ರಾತ್ರಿ ಕುಡಿಯುವವನೂ ಅವನೇ. ನಾವು ಓಡುವ ಇಂಜಿನ್ನಿನ ಮೇಲೆ ಮಾಡಿದ ಪರೀಕ್ಷೆಯಿಂದ ನಿಂತ ಇಂಜಿನ್ನಿನ ಬಗ್ಗೆ ತೀರ್ಮಾನ ಬರೆದಿದ್ದೆವು. ಹುಡುಗಿ ನನ್ನ ಕೆಂಪು ಗುರುತಿನ ಮೇಲೆ ಒಂದು ಗೆರೆ ಎಳೆದಳು, ನಾನು ಸುಮ್ಮನಿದ್ದೆ.

ಆಲ್ಟರ್ನೇಟರನ್ನು ಬಿಚ್ಚಿ ಕೊಲ್ಹಾಪುರದ ಉದ್ಯಮನಗರಕ್ಕೆ ಒಯ್ದರು. ಆ ಬಡಾವಣೆಯಲ್ಲಿ ಇಂಥ ಕೆಲಸ ಬಲ್ಲ ಮೇಸ್ತ್ರಿಗಳಿಗೆ ಕೊರತೆಯಿಲ್ಲ. ಡಯೋಡುಗಳ ಫಲಕವೊಂದನ್ನು ಬದಲಿಸಿ ಸಂಜೆಗೆ ಕೊಟ್ಟರು. ಆದ ಖರ್ಚು ಒಂದು ಹೊಸ ಬ್ಯಾಟರಿಯ ಬೆಲೆಯ ಅರ್ಧಕ್ಕಿಂತ ಕಡಿಮೆ. ಮೊದಲಿನ ಬ್ಯಾಟರಿ ಆಗಲೇ ಮೋಡಕ್ಕೆ ಹೋಗಿಬಿಟ್ಟಿತ್ತು, ಅದರ ವಿಷಯ ಈಗ ಯಾರೂ ಹೇಳಲಾರರು. ಎರಡನೆಯದನ್ನು ನಿಧಾನವಾಗಿ ಎರಡು ದಿನ ತುಂಬಿಸಿದೆವು. ಮೂರು ತಿಂಗಳ ಉಪವಾಸದಿಂದ ಅದರ ಶಕ್ತಿ ಸ್ವಲ್ಪ ಕುಂದಿದ್ದರೂ ಕೆಲಸಕ್ಕೆ ಬರುವಂತಿತ್ತು.

ನೀವು ಮನೆಯಲ್ಲಿ ಇದನ್ನು ಮಾಡುವುದಾದರೆ ದೊಡ್ಡವರನ್ನು ಜೊತೆಗೆ ಇಟ್ಟುಕೊಳ್ಳಿರಿ. ಬಿಚ್ಚುವಾಗ ಋಣಾಗ್ರದ ತಂತಿಯನ್ನೇ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಗಾಡಿಯ ತಗಡೆಲ್ಲ ಋಣಾಗ್ರಕ್ಕೆ ಕೂಡಿರುವುದರಿಂದ, ಮೊದಲು ಧನಾಗ್ರ ಬಿಚ್ಚಲು ಹೋದಾಗ ಪಾನಾ ತಗಡಿಗೆ ತಾಗಿದರೆ ದೊಡ್ಡ ಕಿಡಿಯೇಳುತ್ತದೆ. ಉಂಗುರ, ಬಳೆ, ಗಡಿಯಾರ ತೆಗೆದಿಡಿರಿ. ತುಂಬುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುವುದರಿಂದ ಹತ್ತಿರ ಬೀಡಿ, ಕಡ್ಡಿ ಕೂಡದು. ಆಮ್ಲ ಮೈಗೆ ತಾಗಿದರೆ ಕೂಡಲೆ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಹಾರಿದರೆ ತೊಳೆಯುತ್ತಲೇ ವೈದ್ಯರ ಕಡೆಗೆ ಹೋಗಬೇಕು. ಬ್ಯಾಟರಿಯ ಮೇಲ್ಭಾಗ ಹಸಿ ಮತ್ತು ಕೊಳೆಯಾಗಿದ್ದರೆ ಅದರ ಮೇಲಿಂದಲೇ ಸ್ವಲ್ಪ ಪ್ರವಾಹ ಸೋರುತ್ತದೆ, ನಮ್ಮ ಮಳೆಗಾಲದಲ್ಲಿ ಇದು ಸಾಮಾನ್ಯ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಮುಚ್ಚಳದೊಳಗೆ ನೀರು ಹೋಗದಂತೆ ಒರೆಸಿದರಾಯಿತು.

ಮುಂದಿನ ರಜೆಯ ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಹುಡುಗಿ ಬಂದು ವಹಿ ತೋರಿಸಿದಳು. 36 ಗಂಟೆ ನಿಂತ ಮೇಲೆ 12.5 ವೋಲ್ಟು, ಒಂದೇ ತಿರುವಿಗೆ ಗಾಡಿ ಸುರು. ಓಣಿಯವರು ಧಕ್ಕಾ ಕೊಡಲು ಬಂದು ನಿಂತಿದ್ದರಂತೆ. ಶಾಲೆಯ ಮೀಟರು ಮಾತ್ರ ಆ ವ್ಯಾನಿನ ಕಪಾಟಿನಲ್ಲಿಯೇ ಉಳಿದು ಇಚಲಕರಂಜಿಗೆ ದಿನಾಲು ಹೋಗಿ ಬರತೊಡಗಿತು. ಅದನ್ನು ಮರಳಿ ತರಿಸಲು ನನಗೆ ದಸರೆಯವರೆಗೆ ಕಾಯಬೇಕಾಯಿತು.